ಬಿಸಿ ಹಿಡಿಯುವಂಥದ್ದು

ಪ್ರತಿ ವರ್ಷ ನಮ್ಮ ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ನರ್ಸಿಂಗ್ ಓದುವ ಹುಡುಗಿಯರ ಹೊಸ ತಂಡ ಬರುತ್ತದೆ. ಮೊದಲ ದಿನ ನಾನು ಅವರನ್ನು ಸಾಲಾಗಿ ನಿಲ್ಲಿಸಿ, ಟ್ರೇಯಿಂದ ಒಂದು ಫೋರ್ಸೆಪ್ಸ್ ಎತ್ತಿ ತೋರಿಸಿ, ಈ ಹೆಸರಿನ ಅರ್ಥವೇನು ಎಂದು ಕೇಳುತ್ತೇನೆ. ಉಪಯೋಗ ಎಲ್ಲರಿಗೂ ಗೊತ್ತಿರುತ್ತದೆ. ಕೈಯಿಂದ ಮುಟ್ಟಬಾರದ್ದನ್ನು ಹಿಡಿಯುವ ಇಕ್ಕಳ. ರಕ್ತನಾಳ ಹಿಡಿಯುವುದು ಬೇರೆ, ಹತ್ತಿ ಹಿಡಿಯುವುದು ಬೇರೆ, ಹಲ್ಲಿದ್ದದ್ದು, ಹಲ್ಲಿಲ್ಲದ್ದು ಎಂದು ಪಟಪಟ ಹೇಳುತ್ತಾರೆ. ಹೆಸರಿನ ಅರ್ಥ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಕೊನೆಗೆ ಧೈರ್ಯದವಳೊಬ್ಬಳು, "ಫೋರ್ಸ್ ಹಾಕಿ ಹಿಡೀತದಲ್ರೀ ಸಿಸ್ಟರ್, ಅದಕ್ಕ ಇರಬೇಕು" ಎನ್ನುತ್ತಾಳೆ. ಯಾವಳಾದರೂ ಹೀಗೆ ಹೇಳದಿದ್ದರೆ ನನಗೆ ಆ ವರ್ಷ ಏನೋ ಕಡಿಮೆಯಾದಂತೆ ಅನ್ನಿಸುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಇದೇ ಉತ್ತರ ಕೊಟ್ಟು ನಗೆಗೀಡಾದವಳು ನಾನು.

ಸರಿಯಾದ ಅರ್ಥ ಹೇಳಿ, ಅದನ್ನು ತಿಳಿಯಲು ನಾನು ಮಾಡಬೇಕಾಗಿ ಬಂದ ತಪ್ಪನ್ನೂ ಹೇಳಿ, ಹುಡುಗಿಯರನ್ನು ನಗಿಸಿ ಪಾಠ ಮುಗಿಸುತ್ತೇನೆ. ಆದರೆ ಅದು ಅರ್ಧ ಕಥೆ. ಉಳಿದರ್ಧ ನನ್ನ ಅವ್ವನ ಕೈಗಳದ್ದು. ಅವ್ವನನ್ನು ಕೇಳಿಕೊಂಡೇ ಈಗ ಬರೆಯುತ್ತಿದ್ದೇನೆ. "ಹೆಸರು ಹಾಕಬ್ಯಾಡ. ಕೈ ಬಗ್ಗೆ ಏನ್ ಬೇಕಾದ್ದು ಬರಕೋ" ಎಂದಿದ್ದಾಳೆ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ.

ನಮ್ಮದು ಕಲಬುರಗಿ ಹತ್ತಿರದ ಕಮಲಾಪುರ. ಜೋಳ, ತೊಗರಿ ಬೆಳೆಯುವ ಮನೆ, ಹಿತ್ತಲಲ್ಲಿ ನಾಲ್ಕು ಕೆಂಪು ಬಾಳೆ. ನಮ್ಮ ಓಣಿಯ ಗಂಡಸರು ತಮ್ಮ ಹೊಲದ ಬಗ್ಗೆ ಕೊಚ್ಚಿಕೊಂಡರೆ ಹೆಂಗಸರು ಕೊಚ್ಚಿಕೊಳ್ಳುತ್ತಿದ್ದದ್ದು ರೊಟ್ಟಿಯ ಬಗ್ಗೆ. ರೊಟ್ಟಿ ತೆಳ್ಳಗಿರಬೇಕು, ಉಬ್ಬಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬರಿಗೈಯಲ್ಲಿ ಆಗಬೇಕು. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಬೆರಳ ತುದಿಯಿಂದ ತಿರುವಿ, ಆಮೇಲೆ ಒಲೆಯ ಬಾಯಲ್ಲಿ ಕೆಂಡಕ್ಕೆ ಎದುರಾಗಿ ನಿಲ್ಲಿಸಿ, ಉಬ್ಬಿದ ಕೂಡಲೇ ಕೈಯಿಂದಲೇ ಎಳೆದು ಬುಟ್ಟಿಗೆ ಹಾಕಬೇಕು. ಚಿಮಟಾ, ಅಂದರೆ ಒಲೆಯ ಇಕ್ಕಳ, ಮನೆಯಲ್ಲಿ ಇತ್ತು. ಕಟ್ಟಿಗೆ ಹಿಂದೆ ಮುಂದೆ ಮಾಡುವುದಕ್ಕೆ ಇತ್ತೇ ಹೊರತು ರೊಟ್ಟಿಯ ಹತ್ತಿರ ಅದನ್ನು ಯಾರೂ ತರುತ್ತಿರಲಿಲ್ಲ.

ಶ್ರಾವಣ ತಿಂಗಳಲ್ಲಿ ಊರಿನ ಮಠದಲ್ಲಿ ದಿನವೂ ದಾಸೋಹ. ಬಂದವರಿಗೆಲ್ಲ ಊಟ ಹಾಕಬೇಕು, ರೊಟ್ಟಿ ಬಡಿಯುವುದು ಹೆಂಗಸರ ಸೇವೆ. ಹಿತ್ತಲಲ್ಲಿ ಸಾಲಾಗಿ ಒಲೆ ಹೂಡುತ್ತಿದ್ದರು. ಬಾಗಿಲ ಪಕ್ಕದ ಮೊದಲ ಒಲೆ ಅವ್ವನದು. ಯಾರೂ ಕೊಟ್ಟದ್ದಲ್ಲ, ಯಾರೂ ಕೇಳಿದ್ದೂ ಇಲ್ಲ. ಅವ್ವ ಹಣೆಗೆ ವಿಭೂತಿ ಹಚ್ಚಿ, ಸೆರಗು ಸಿಕ್ಕಿಸಿ ಅಲ್ಲಿ ಕೂತಳೆಂದರೆ ಉಳಿದ ಒಲೆಗಳವರು ಅವಳ ಕೈ ನೋಡಿ ತಮ್ಮ ಕೈ ಚುರುಕು ಮಾಡಿಕೊಳ್ಳುತ್ತಿದ್ದರು. ಸುಡುವ ಹಂಚಿನ ಮೇಲೆ ಅವಳ ಬೆರಳು ಅವಸರವಿಲ್ಲದೆ ಓಡಾಡುವುದನ್ನು ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ.

ನನಗೆ ಹತ್ತು ವರ್ಷವಾದಾಗ ಹಂಚಿನ ಮುಂದೆ ಕೂರಿಸಿದಳು. ಮೊದಲ ದಿನ ಬೆರಳು ಸುಟ್ಟು ಬಾಯಲ್ಲಿಟ್ಟುಕೊಂಡೆ. "ಬೆರಳಿಗೆ ಅಂಜಿಕಿ ಕಲಿಸಬ್ಯಾಡ. ಅದು ತಾನಾಗೇ ಗಟ್ಟಿ ಆಗತದ" ಎಂದಳು. ಆಯಿತು ಕೂಡ. ಅಷ್ಟೆಲ್ಲ ಕಠಿಣ ಮಾತಾಡಿದರೂ ಮಕ್ಕಳ ತಾಟಿಗೆ ರೊಟ್ಟಿ ಹಾಕುವ ಮುಂಚೆ ಅದರ ಮೇಲೆ ತನ್ನ ಅಂಗೈ ಒಮ್ಮೆ ಇಟ್ಟು ಬಿಸಿ ಆರಿದೆಯೇ ಎಂದು ನೋಡದೆ ಕೊಡುತ್ತಿರಲಿಲ್ಲ. "ಆರ್ಯಾದ, ತಿನ್ನು" ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಳ್ಳದೆ ನಾನೂ ಅಣ್ಣನೂ ರೊಟ್ಟಿ ಮುರಿದದ್ದು ನೆನಪಿಲ್ಲ.

ಅಣ್ಣನಿಗೆ ಮದುವೆಯಾಗಿ ವೈನಿ ಬಂದಳು. ಕಲಬುರಗಿಯಲ್ಲಿ ಬೆಳೆದವಳು, ಗ್ಯಾಸಿನ ಮೇಲೆ ಅಡಿಗೆ ಕಲಿತವಳು. ರೊಟ್ಟಿ ಚೆನ್ನಾಗಿಯೇ ಮಾಡುತ್ತಿದ್ದಳು, ಆದರೆ ಚಿಮಟಾ ಹಿಡಿದು. ಅವ್ವನಿಗೆ ಅಷ್ಟೇ ಸಾಕಾಯಿತು. "ರೊಟ್ಟಿ ಏನು ಕಚ್ಚತದೇನು, ಹಂಗ ದೂರ ನಿಂತು ಹಿಡೀಲಾಕ?" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ವೈನಿ ತಲೆ ತಗ್ಗಿಸಿ ಚಿಮಟಾ ಆಡಿಸುತ್ತಲೇ ಇರುತ್ತಿದ್ದಳು. ನಾನು ಅವಳ ಪರ ಒಂದು ಮಾತಾಡಬಹುದಿತ್ತು. ಆಡಲಿಲ್ಲ, ನಕ್ಕೆ. ನನ್ನ ಬೆರಳು ಗಟ್ಟಿಯಾಗಿದ್ದವಲ್ಲ, ಅದರ ಸೊಕ್ಕು.

ಆ ಸೊಕ್ಕನ್ನೇ ಹೊತ್ತುಕೊಂಡು ನಾನು ಕಲಬುರಗಿಗೆ ನರ್ಸಿಂಗ್ ಕಲಿಯಲು ಬಂದೆ. ಆಗ ಸಣ್ಣಪುಟ್ಟ ಆಪರೇಷನ್ನುಗಳ ಕೋಣೆಯಲ್ಲಿ ಸಾಮಾನುಗಳನ್ನು ಕುದಿಯುವ ನೀರಿನ ಪೆಟ್ಟಿಗೆಯಲ್ಲಿ ಹಾಕಿ ಶುದ್ಧ ಮಾಡುತ್ತಿದ್ದರು. ಹೊತ್ತಾದ ಮೇಲೆ ಒಳಗಿನ ಜಾಲರಿ ಎತ್ತಬೇಕು. ಪಕ್ಕದಲ್ಲಿ ಔಷಧದ ನೀರಿನ ಬಾಟಲಿಯಲ್ಲಿ ಒಂದು ಉದ್ದನೆಯ ಫೋರ್ಸೆಪ್ಸ್ ನಿಂತಿರುತ್ತದೆ, ಅದರಿಂದ ಒಂದೊಂದೇ ಸಾಮಾನು ಹಿಡಿದು ಬಟ್ಟೆ ಹಾಸಿದ ಟ್ರೇಗೆ ಇಡಬೇಕು. ಮೊದಲ ವಾರ ನಾನು ಮಾಡಿದ್ದೇನೆಂದರೆ, ಜಾಲರಿ ಎತ್ತಿ, ಹಬೆ ಆಡುತ್ತಿದ್ದ ಫೋರ್ಸೆಪ್ಸುಗಳನ್ನು ಬರಿಗೈಯಿಂದ ತೆಗೆದು ಟ್ರೇಯಲ್ಲಿ ಸಾಲಾಗಿ ಜೋಡಿಸಿದೆ. ಸುಡಲಿಲ್ಲ ಅನ್ನುವುದಿಲ್ಲ. ಸುಟ್ಟಿತು, ಆದರೆ ಹಂಚಿನಷ್ಟಲ್ಲ. ಉಳಿದ ಹುಡುಗಿಯರು ಕಣ್ಣರಳಿಸಿ ನೋಡುತ್ತಿದ್ದರು. ನಾನು ಇನ್ನೊಂದೆರಡು ತೆಗೆದು ತೋರಿಸಿದೆ.

ಹಿಂದೆ ದೊಡ್ಡ ಸಿಸ್ಟರ್ ನಿಂತಿದ್ದರು. ಥಿಯೇಟರ್ ಅವರ ಉಸ್ತುವಾರಿಯಲ್ಲಿತ್ತು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಆಡುವ ವೈಷ್ಣವರ ಮನೆಯವರು, ತಂದೆ ಪೌರೋಹಿತ್ಯ ಮಾಡುತ್ತಿದ್ದರಂತೆ. ಯಾವ ಶಬ್ದ ಸಿಕ್ಕರೂ ಅದರ ಗೋತ್ರ ಕೇಳದೆ ಬಿಡದ ಚಟ ಅವರಿಗೆ ತಂದೆಯಿಂದ ಬಂದಿತ್ತು. ಅವರು ಜೋರು ಮಾಡಲಿಲ್ಲ. ನಾನು ಜೋಡಿಸಿದ್ದನ್ನೆಲ್ಲ ಟ್ರೇ ಸಮೇತ ಎತ್ತಿ ವಾಪಸು ಕುದಿಯುವ ನೀರಿಗೆ ಸುರಿದರು.

"ಕೈ ಹಾಕಿದಿ ಅಂದ್ರ ಎಲ್ಲಾ ಹೊಲಸಾತು. ಮತ್ತ ಮೊದಲಿಂದ. ನಿನಗ ಸುಡ್ಲಿಲ್ಲೇನು?"

"ಇಲ್ರೀ ಸಿಸ್ಟರ್. ನಮ್ಮನ್ಯಾಗ ಎಲ್ಲಾರ ಕೈ ಹಿಂಗs. ನಮ್ಮವ್ವಂದಂತೂ ಕೆಂಡಾ ಹಿಡಿದ್ರೂ ಏನಾಗಂಗಿಲ್ಲ."

"ಫೋರ್ಸೆಪ್ಸ್ ಅಂತ ಯಾಕ ಅಂತಾರ, ಗೊತ್ತದ?"

ಫೋರ್ಸಿನ ಉತ್ತರ ಕೊಟ್ಟೆ. ಅವರು ತಲೆ ಅಲ್ಲಾಡಿಸಿ, ಮರುದಿನ ಮನೆಯಿಂದ ಒಂದು ಚೀಟಿ ಬರೆದುಕೊಂಡು ಬಂದರು. ದೊಡ್ಡ ನಿಘಂಟು ನೋಡಿ ಬರೆದದ್ದು. "ಫೋರ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಟಿನ್ ಭಾಷಾದ ಶಬ್ದ. ಅದರಾಗ ಎರಡು ತುಣಕು ಅವ ಅಂತ ಬರದಾರ. ಒಂದಕ್ಕ ಬಿಸಿ ಅಂತ ಅರ್ಥ, ಇನ್ನೊಂದಕ್ಕ ಹಿಡಿಯೋದು ಅಂತ. ಬಿಸಿ ಹಿಡಿಯುವಂಥದ್ದು. ಮೊದಲ ಕಮ್ಮಾರರ ಇಕ್ಕಳಕ್ಕ ಇದ್ದ ಹೆಸರು, ಡಾಕ್ಟರ ಕೈಗೆ ಆಮ್ಯಾಲೆ ಬಂತು. ಬಿಸಿ ಹಿಡೀಲಿಕ್ಕೆ ಒಂದು ಸಾಮಾನು ಮಾಡಿಟ್ಟಾರ, ಅದರ ಹೆಸರೇ ಅದನ್ನ ಹೇಳ್ತದ. ನೀ ಅದನ್ನ ಬಾಟ್ಲಿದಾಗ ನಿಲ್ಲಿಸಿ ನಿನ್ನ ಕೈ ಹಾಕ್ತಿ."

ಹುಡುಗಿಯರು ನಕ್ಕರು. ನನಗೆ ಅವಮಾನವಾಯಿತು, ಆದರೆ ಆ ಅರ್ಥ ಮನಸ್ಸಿಗೆ ಹತ್ತಿಕೊಂಡಿತು. ಆಮೇಲೆ ದೊಡ್ಡ ಸಿಸ್ಟರ್ ಜೊತೆ ಚಹಾ ಕುಡಿಯುವಾಗಲೆಲ್ಲ ಈ ಮಾತು ಬೆಳೆಯುತ್ತಿತ್ತು. ಮರಾಠಿಯವರ ಸಾಂಡಶಿ ಸಂಸ್ಕೃತದ ಸಂದಂಶದಿಂದ ಬಂದದ್ದು, ಅದರ ಅರ್ಥ ಕಚ್ಚಿ ಹಿಡಿಯುವುದು ಎಂದು ಅವರು ಹೇಳಿದರು. ನಮ್ಮ ಇಕ್ಕಳ ಇರುಕಿ ಹಿಡಿಯುವುದರಿಂದ ಬಂದಿರಬೇಕು ಎಂದೂ ಅವರದೇ ಊಹೆ. ಒಬ್ಬರು ಅದರ ಹಲ್ಲು ನೋಡಿ ಹೆಸರಿಟ್ಟರು, ಇನ್ನೊಬ್ಬರು ಹಿಡಿತ ನೋಡಿ. ಆ ಲ್ಯಾಟಿನ್ ಜನ ಮಾತ್ರ ಸಾಮಾನಿನ ಕಡೆ ನೋಡದೆ, ಅದು ಹಿಡಿದದ್ದರ ಕಡೆ ನೋಡಿದರು. ಬೆಂಕಿಯಿಂದ ಹೊರಗೆ ಬರಬೇಕಾದ ಏನೋ ಒಂದು, ಅದನ್ನು ಮುಟ್ಟಲಾರದ ಒಂದು ಕೈ, ಇವೆರಡರ ನಡುವೆ ಇದು. ಹೆಸರಿನಲ್ಲಿ ಬಿಸಿ ಇದೆ, ಕೈ ಇಲ್ಲ. ಕೈ ಪಾರಾಗಿದೆ. ಇದನ್ನು ಅಂದು ಇಷ್ಟು ಸ್ಪಷ್ಟವಾಗಿ ಯೋಚಿಸಿದೆ ಅಂದರೆ ಸುಳ್ಳಾಗುತ್ತದೆ. ಆಗ ನನಗೆ ಅದೊಂದು ಜಾಣತನದ ಮಾತು, ಅಷ್ಟೇ.

ದೊಡ್ಡ ಸಿಸ್ಟರ್ ನಿವೃತ್ತಿಯಾಗುವಾಗ ನನಗೊಂದು ಉಡುಗೊರೆ ಕೊಟ್ಟರು. ಹತ್ತಿ ಹಿಡಿಯುವ ಉದ್ದನೆಯ ಫೋರ್ಸೆಪ್ಸ್, ತುದಿಯಲ್ಲಿ ಎರಡು ಮೊಟ್ಟೆಯಾಕಾರದ ಬಳೆ ಇರುತ್ತವಲ್ಲ, ಅದು. ಲಾಕ್ ಸಡಿಲಾಗಿ ಥಿಯೇಟರಿಗೆ ಬೇಡವಾದದ್ದು. "ಕೈ ಹಾಕೂಕಿಂತ ಮೊದಲ ಇದನ್ನ ನೆನಪು ಮಾಡಕೋ" ಎಂದರು. ನಾನು ಅದನ್ನು ಬೀರುವಿನಲ್ಲಿಟ್ಟೆ.

ಏಳೆಂಟು ವರ್ಷದ ಹಿಂದಿನ ಮಾತು. ಒಂದು ಸೋಮವಾರ ಊರಿಗೆ ಹೋಗಿದ್ದೆ. ಪೂಜೆಗೆ ಧೂಪ ಹಾಕಬೇಕಿತ್ತು. ಅವ್ವ ಒಲೆಗೆ ಕೈ ಹಾಕಿ, ಒಂದು ಕೆಂಡವನ್ನು ಬೆರಳಿಂದ ಎತ್ತಿ, ಆರಾಮಾಗಿ ನಾಲ್ಕು ಹೆಜ್ಜೆ ನಡೆದು ಧೂಪದ ಬಟ್ಟಲಿಗೆ ಹಾಕಿದಳು. ಮನೆಗೆ ಬಂದಿದ್ದ ನೆರೆಯವರು ಶಿವ ಶಿವಾ ಅಂದರು. ನನಗೆ ಎದೆ ಉಬ್ಬಿತು. ಕಲಬುರಗಿಗೆ ವಾಪಸಾದ ಮೇಲೆ ದೊಡ್ಡ ಸಿಸ್ಟರ್ ಮನೆಗೆ ಹೋದಾಗ ಇದನ್ನೇ ಹೇಳಿ, ನಮ್ಮವ್ವನಿಗೆ ನಿಮ್ಮ ಫೋರ್ಸೆಪ್ಸ್ ಬೇಕಿಲ್ಲ ನೋಡ್ರಿ ಎಂದು ಚುಡಾಯಿಸಿದೆ.

ಅವರು ನಗಲಿಲ್ಲ. "ಆಮ್ಯಾಲೆ ಕೈ ನೋಡಿದೇನು?" ಎಂದರು.

"ಏನ್ ನೋಡೋದ್ರೀ?"

"ಕೆಂಡಾ ಹಿಡದ ಕೈ. ನೋಡಿದೇನು ಇಲ್ಲೋ?"

ನನಗೆ ಸಿಟ್ಟು ಬಂತು. ಒಲೆ ಮುಂದೆ ಕೂತು ಗೊತ್ತಿಲ್ಲದವರಿಗೆ ರೊಟ್ಟಿ ಬಡಿಯುವವರ ಕೈ ಏನು ಗೊತ್ತು ಅಂದುಕೊಂಡೆ. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಆ ಪ್ರಶ್ನೆ ಕೇಳಿಯೂ ನಾನು ಕೈ ನೋಡಲಿಲ್ಲ. ಇಂದಿಗೂ ಈ ಒಂದು ವಿಷಯದಲ್ಲಿ ನನ್ನನ್ನು ನಾನು ಕ್ಷಮಿಸಿಲ್ಲ. ದಿನಕ್ಕೆ ಹತ್ತು ರೋಗಿಗಳ ಕೈಕಾಲು ಮುಟ್ಟಿ ನೋಡುವ ಕೆಲಸ ನನ್ನದು.

ಅದಾಗಿ ಐದಾರು ತಿಂಗಳಿಗೆ ಮತ್ತೆ ಊರಿಗೆ ಹೋದೆ. ಊಟಕ್ಕೆ ಕೂತಾಗ ಅವ್ವ ನನ್ನ ತಾಟಿಗೆ ಪುಂಡಿಪಲ್ಯೆ ಬಡಿಸಿದಳು. ಅವಳ ಬಲಗೈಯ ಕಿರುಬೆರಳಿನ ಪಕ್ಕ, ಅಂಗೈಯ ಅಂಚಿಗೆ, ದೊಡ್ಡದೊಂದು ಗುಳ್ಳೆ ಎದ್ದು ಒಡೆದಿತ್ತು.

"ಇದು ಯಾವಾಗ ಸುಟ್ಟೀತವ್ವಾ?"

"ಎಲ್ಲಿ?" ಎಂದಳು.

ಅವಳು ಮುಚ್ಚಿಡಲಿಲ್ಲ. ನಿಜವಾಗಿಯೂ ಹುಡುಕಿದಳು. ಎಡಗೈ ನೋಡಿಕೊಂಡಳು, ಬಲಗೈ ತಿರುಗಿಸಿದಳು, ಗುಳ್ಳೆ ಕಂಡಾಗ ಬೇರೆ ಯಾರದ್ದೋ ಕೈ ನೋಡುವಂತೆ ನೋಡಿದಳು.

ಊಟ ಬಿಟ್ಟು ಎದ್ದು ಅವಳನ್ನು ಪಡಸಾಲೆಗೆ ಕರೆದುಕೊಂಡು ಬಂದೆ. ಒಂದು ತಂಬಿಗೆಯಲ್ಲಿ ಬೆಚ್ಚಗಿನ ನೀರು, ಇನ್ನೊಂದರಲ್ಲಿ ಕೊಡದ ತಣ್ಣೀರು. ಕಣ್ಣು ಮುಚ್ಚಿಸಿ, ಒಂದೊಂದೇ ತಂಬಿಗೆಯನ್ನು ಕೈಯ ಅಂಚಿಗೆ ತಾಗಿಸಿ ಕೇಳಿದೆ. ಅವ್ವ ಆಟ ಆಡುತ್ತಿದ್ದೇನೆ ಅಂದುಕೊಂಡು ನಗುತ್ತ ಹೇಳಿದಳು. ಬೆಚ್ಚಗಿದ್ದದ್ದಕ್ಕೆ ತಣ್ಣಗೆ, ತಣ್ಣಗಿದ್ದದ್ದಕ್ಕೆ ತಣ್ಣಗೆ. ಕಿರುಬೆರಳು, ಉಂಗುರಬೆರಳು, ಅಂಗೈಯ ಅರ್ಧ, ಅಷ್ಟಕ್ಕೂ ಬಿಸಿ ತಿಳಿಯುತ್ತಿರಲಿಲ್ಲ. ಎಡಗೈಯಲ್ಲೂ ಸ್ವಲ್ಪ. ಮುಂಗೈ ಮೇಲೆ, ಬಳೆಗಳ ಹಿಂದೆ, ತುಸು ಬಿಳುಪಾದ ಒಂದು ಮಚ್ಚೆ ಇತ್ತು. ಅಲ್ಲಿ ಪೆನ್ನಿನ ತುದಿ ಒತ್ತಿದರೆ ಅವಳು ಇನ್ನೂ, "ಮುಟ್ಟು, ಯಾಕ ಸುಮ್ಮನಾದಿ?" ಎನ್ನುತ್ತಿದ್ದಳು.

ಕೆಂಡ ಹಿಡಿದ ಕೈಯ ಗುಟ್ಟು ಅದು. ಅಭ್ಯಾಸ ಎಲ್ಲಿ ಮುಗಿದು ರೋಗ ಎಲ್ಲಿ ಶುರುವಾಯಿತು ಎಂಬುದು ಅವಳಿಗೆ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಬೇರೆ ಊರಿನ, ಬೇರೆ ಕೆಲಸದ ಹೆಂಗಸಾಗಿದ್ದರೆ ಕೈ ಜೋಮು ಹಿಡಿದಿದೆ ಎಂದು ಮೊದಲ ತಿಂಗಳೇ ಗಾಬರಿಯಾಗುತ್ತಿದ್ದಳು. ನಮ್ಮ ಓಣಿಯಲ್ಲಿ ಸುಡದ ಕೈಯನ್ನು ಹೊಗಳುತ್ತಿದ್ದೆವು.

ಮರುದಿನವೇ ಅವಳನ್ನು ಕರೆದುಕೊಂಡು ಕಲಬುರಗಿಗೆ ಹೊರಟೆ. ಬಸ್ಸು ದಾರಿಯ ಮಹಾಗಾಂವ ದಾಟಿತು. ಆಮೇಲೆ ಅವ್ವ ಕಿಟಕಿಯ ಕಡೆ ಮುಖ ಮಾಡಿಯೇ, "ದೊಡ್ಡ ರೋಗ ಹೌದಲ್ಲ?" ಎಂದಳು. ನಮ್ಮ ಕಡೆ ಕುಷ್ಠಕ್ಕೆ ಹಾಗೆನ್ನುತ್ತಾರೆ. ನಾನು ಡಾಕ್ಟರ್ ನೋಡಲಿ ಎಂದೆ. "ನಿನ್ನ ಮುಖಾ ನೋಡಿದ್ರ ಗೊತ್ತಾಗತದ" ಎಂದಳು. ನನಗೆ ಬಸ್ಸಿನಲ್ಲೇ ಅಳು ಬಂತು. ಅವಳಿಗೆ ಬರಲಿಲ್ಲ.

ಚರ್ಮರೋಗದ ಡಾಕ್ಟರು ಮೊಣಕೈ ಹಿಂದಿನ ನರ ಮುಟ್ಟಿ, ದಪ್ಪಗಾಗಿದೆ ಎಂದರು. ಅದೇ ರೋಗ. ಮಾತ್ರೆ ತಿಂಗಳು ತಿಂಗಳು ಪುಕ್ಕಟೆ ಸಿಗುತ್ತದೆ, ತಪ್ಪದೆ ತೆಗೆದುಕೊಂಡರೆ ರೋಗ ಹೋಗುತ್ತದೆ, ಮನೆಯಲ್ಲಿ ಯಾರಿಂದಲೂ ದೂರ ಇರಬೇಕಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಅವ್ವ ಕೇಳಿದ್ದು ಎರಡೇ ಮಾತು.

"ಮೊಮ್ಮಕ್ಕಳನ್ನ ಎತಗೋಬಹುದೇನ್ರೀ?"

"ಧಾರಾಳ ಎತಗೋರಿ."

"ಕೈಗೆ ಬಿಸಿ ಮತ್ತ ಗೊತ್ತಾಗತದೇನ್ರೀ?"

ಅದಕ್ಕೆ ಅವರು ಸುಳ್ಳು ಹೇಳಲಿಲ್ಲ. ಹೋದ ಸ್ಪರ್ಶ ಬಹಳ ಮಟ್ಟಿಗೆ ಹೋದಂತೆಯೇ, ಇರುವುದನ್ನು ಉಳಿಸಿಕೊಳ್ಳಬೇಕು ಎಂದರು. ಗೊತ್ತಾಗದೆ ಸುಟ್ಟ ಗಾಯ ಕೊಳೆತು ಬೆರಳು ಹೋಗುತ್ತವೆ, ಹಾಗಾಗಿ ಇನ್ನು ಮೇಲೆ ಬಿಸಿಯದ್ದು ಯಾವುದನ್ನೂ ಬರಿಗೈಯಿಂದ ಹಿಡಿಯಕೂಡದು. ಚಿಮಟಾ ಬೇಕೇ ಬೇಕು.

ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಚಿಮಟಾ ಮಾತ್ರ ಮುಟ್ಟಲಿಲ್ಲ. ವೈನಿ ಫೋನ್ ಮಾಡಿ ಹೇಳುತ್ತಿದ್ದಳು, ಇವತ್ತು ಉಂಗುರಬೆರಳು ಸುಟ್ಟಿದೆ, ಮೊನ್ನೆ ಅಂಗೈ. "ನಾ ಹೇಳಿದ್ರ ಕೇಳಂಗಿಲ್ಲ. ನೀವs ಬಂದು ಹೇಳ್ರಿ" ಎನ್ನುತ್ತಿದ್ದಳು. ಮೂರು ಸಲ ಹೋಗಿ ಜಗಳ ಮಾಡಿದೆ. ನಾನು ಮೆತ್ತಗೆ ಮಾತಾಡುವವಳಲ್ಲ. ಬೆರಳು ಕಳೆದುಕೊಂಡ ಮೇಲೆ ಯಾವ ಕೈಯಲ್ಲಿ ರೊಟ್ಟಿ ಮಾಡುತ್ತಿ ಎಂದು ಕೂಗಾಡಿದೆ. ಮೂರನೇ ಸಲ ಬೀರುವಿನಿಂದ ದೊಡ್ಡ ಸಿಸ್ಟರ್ ಕೊಟ್ಟ ಉದ್ದ ಫೋರ್ಸೆಪ್ಸ್ ತೆಗೆದುಕೊಂಡು ಹೋಗಿದ್ದೆ. ತುದಿಯ ಬಳೆಗಳು ಅಗಲ, ರೊಟ್ಟಿ ಹರಿಯುವುದಿಲ್ಲ. ಅವಳ ಮುಂದಿಟ್ಟು ಹೆಸರಿನ ಅರ್ಥವನ್ನೂ ಹೇಳಿದೆ. ಬಿಸಿ ಹಿಡಿಯುವಂಥದ್ದು, ಸಾವಿರಾರು ವರ್ಷದ ಹಿಂದೆಯೇ ಜನ ಕೈ ಸುಟ್ಟುಕೊಂಡು ಬುದ್ಧಿ ಕಲಿತು ಇಟ್ಟ ಹೆಸರು ಅದು ಎಂದೆ.

ಅವ್ವ ಅದನ್ನು ಒಮ್ಮೆ ತೆರೆದು ಮುಚ್ಚಿ ನೋಡಿದಳು. "ಅವರೂರಾಗ ಬಿಸಿ ಹಿಡಿಯೋದು ಅಂತ ಹೆಸರು ಬಂದದ್ದು ಇದಕ್ಕ. ನಮ್ಮೂರಾಗ ಆ ಹೆಸರು ಬಂದದ್ದು ನನ್ನ ಕೈಗೆ" ಎಂದಳು. ಆಮೇಲೆ ದನಿ ಇಳಿಸಿ ಹೇಳಿದಳು. "ಹುಚ್ಚಿ, ನಾ ಏನು ಹಟಕ್ಕ ಕುಂತೀನೇನು? ನಲವತ್ತು ವರ್ಷ ಬರಿಗೈಲೆ ಮಾಡಿದಾಕಿ ಇವತ್ತ ಚಿಮಟಾ ಹಿಡದ್ರ ಓಣಿ ಕೇಳಂಗಿಲ್ಲೇನು ಯಾಕ ಅಂತ? ಒಮ್ಮಿ ಗೊತ್ತಾತು ಅಂದ್ರ ಮಠದಾಗ ನನ್ನ ರೊಟ್ಟಿ ಯಾರ್ ತಿಂತಾರ?"

ರೋಗ ಮುಚ್ಚಿಡಲೆಂದು ಅವಳು ತಿಳಿದೂ ತಿಳಿದೂ ಕೈ ಸುಟ್ಟುಕೊಳ್ಳುತ್ತಿದ್ದಳು. ಚಿಮಟಾ ಹಿಡಿದರೆ ಕೈ ಉಳಿಯುತ್ತದೆ, ಮೊದಲ ಒಲೆ ಹೋಗುತ್ತದೆ. ಹಿಡಿಯದಿದ್ದರೆ ಒಲೆ ಉಳಿಯುತ್ತದೆ, ಕೈ ಹೋಗುತ್ತದೆ. ರೋಗ ಹರಡುವುದಿಲ್ಲ, ಮಾತ್ರೆ ಶುರುವಾಗಿದೆ ಎಂಬ ನನ್ನ ಪಾಠವನ್ನು ಓಣಿಯ ಮುಂದೆ ಒಪ್ಪಿಸುವ ಧೈರ್ಯ ನನಗೂ ಇರಲಿಲ್ಲ. ಫೋರ್ಸೆಪ್ಸನ್ನು ಅಲ್ಲೇ ಗೂಡಿನಲ್ಲಿಟ್ಟು ಬಂದೆ. ಬಾಗಿಲ ಮರೆಯಲ್ಲಿ ವೈನಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಶ್ರಾವಣ ಬಂತು. ಎರಡನೆಯ ಸೋಮವಾರ ರಜೆ ಹಾಕಿ ಹೋದೆ. ಮಠದ ಹಿತ್ತಲಲ್ಲಿ ಒಲೆಗಳ ಸಾಲು, ಹೊಗೆ, ಬಳೆಗಳ ಸದ್ದು. ಅವ್ವ ಮೊದಲ ಒಲೆಯ ಮುಂದೆ ಕೂತಿದ್ದಳು, ಪಕ್ಕದಲ್ಲಿ ವೈನಿ. ಹಿಂದಿನ ವಾರ ಸುಟ್ಟ ಅವ್ವನ ಕಿರುಬೆರಳು ಇನ್ನೂ ಮಾಯ್ದಿರಲಿಲ್ಲ. ಅರಿಶಿನ ಮೆತ್ತಿಕೊಂಡು ಬಂದಿದ್ದಳು. ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿ ನೀರು ಸವರಿದಳು. ತಿರುವಲು ಕೈ ಮುಂದೆ ಮಾಡುವುದಕ್ಕೂ, ವೈನಿ ಸೆರಗಿನೊಳಗಿಂದ ಆ ಉದ್ದ ಫೋರ್ಸೆಪ್ಸ್ ತೆಗೆದು ಅವಳ ಅಂಗೈಗೆ ಇಡುವುದಕ್ಕೂ ಸರಿಹೋಯಿತು. ಎಲ್ಲರ ಎದುರಿಗೇ.

ಮೂರನೆಯ ಒಲೆಯ ಹೆಂಗಸು ಕೈ ನಿಲ್ಲಿಸಿದಳು. "ಇದೇನs ಯಕ್ಕಾ, ನೀನೂ ಚಿಮಟಾ ಹಿಡದಿ?"

ಅವ್ವನ ಮುಖ ಕಪ್ಪಿಟ್ಟಿತು. ಅವಳು ಬಾಯಿ ತೆರೆಯುವ ಮೊದಲೇ ವೈನಿ, ಹಿಟ್ಟು ನಾದುತ್ತಲೇ, ತಲೆ ಎತ್ತದೆ ಹೇಳಿದಳು. "ನನ್ನಿಂದ ಕಲತಾರ್ರೀ ನಮ್ಮತ್ತಿ. ಇಷ್ಟು ವರ್ಷಾ ನನ್ನ ಬೈದು ಬೈದು ಕಡೀಗಿ ಸೊಸಿ ದಾರಿಗೇ ಬಂದಾರ. ನಾದಿನಿ ದವಾಖಾನಿಂದ ಚಂದಂದು ಚಿಮಟಾ ತಂದು ಕೊಟ್ಟಾಳಲ್ಲ, ಅದರ ಆಸೀಗಿ."

ಇಡೀ ಸಾಲು ನಕ್ಕಿತು. ಇಷ್ಟು ವರ್ಷ ಅವ್ವ ಆಡಿದ ಮಾತುಗಳೆಲ್ಲ ಅವಳ ಕಡೆಗೇ ವಾಪಸು ಬಂದವು. ರೊಟ್ಟಿ ಕಚ್ಚತದೇನು ಎಂದು ಒಬ್ಬಳು, ದೂರ ನಿಂತು ಹಿಡಿ ಯಕ್ಕಾ ಎಂದು ಇನ್ನೊಬ್ಬಳು. ಅವ್ವನ ಸೊಕ್ಕು ಗೊತ್ತಿದ್ದ ನನಗೆ, ಈಗ ಅವಳು ಫೋರ್ಸೆಪ್ಸನ್ನು ವೈನಿಯ ಮುಖಕ್ಕೆ ಎಸೆದು ಏಳುತ್ತಾಳೆ ಎಂದೇ ಅನ್ನಿಸಿತು. ಅವಳು ವೈನಿಯನ್ನು ನೋಡಿದಳು. ವೈನಿ ಹಿಟ್ಟು ನಾದುತ್ತಲೇ ಇದ್ದಳು.

"ಹೌದು. ಸೊಸಿ ಹೇಳಿದ್ದ ಖರೇ ಅದ. ನಾ ತಡಾ ಕಲತೆ" ಎಂದಳು ಅವ್ವ. ಫೋರ್ಸೆಪ್ಸಿನ ಬಳೆಗಳಲ್ಲಿ ರೊಟ್ಟಿಯ ಅಂಚು ಹಿಡಿದು ತಿರುವಿದಳು. ಮೊದಲನೆಯದು ಮಡಚಿಕೊಂಡು ಕೆಟ್ಟಿತು. ಮತ್ತೆ ನಗು. ಎರಡನೆಯದು ಕೆಡಲಿಲ್ಲ.

ಯಾರೂ ಯಾಕೆ ಎಂದು ಕೇಳಲಿಲ್ಲ. ಅತ್ತೆ ಸೊಸೆಗೆ ಸೋತಳು ಎಂಬ ಸುದ್ದಿಯೇ ಅವರಿಗೆ ಬೇಕಾದಷ್ಟಾಯಿತು, ಅದರ ಹಿಂದೆ ಇನ್ನೊಂದು ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ನಾನು ಓದಿ ಕಲಿತದ್ದು, ಲ್ಯಾಟಿನ್ ಅರ್ಥ ಹೇಳಿದ್ದು, ಮೂರು ಸಲ ಕೂಗಾಡಿದ್ದು ಯಾವುದೂ ಮಾಡಲಾರದ್ದನ್ನು ವೈನಿ ಎರಡು ಮಾತಿನಲ್ಲಿ ಮಾಡಿದ್ದಳು. ಅಂದು ನಾನು ಅವಳ ಕಾಲು ಮುಟ್ಟಬೇಕಿತ್ತು. ಅವಳ ಪಕ್ಕ ಕೂತು ಉಳಿದ ಹಿಟ್ಟು ನಾದಿದೆ, ಅಷ್ಟೇ ಆಯಿತು ನನ್ನಿಂದ.

ಅವ್ವನ ರೋಗ ಹೋಗಿ ವರ್ಷಗಳಾದವು. ಎರಡು ಬೆರಳು ತುಸು ಬಾಗಿವೆ, ಆದರೆ ಹತ್ತೂ ಇವೆ. ಮೊದಲ ಒಲೆ ಈಗಲೂ ಅವಳದೇ. ಆ ದಿನದ್ದೇ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ.

ಪಂಕ್ತಿಗಳೆಲ್ಲ ಎದ್ದ ಮೇಲೆ ಹೆಂಗಸರ ಊಟದ ಸರದಿ. ನನಗೆ ಹಸಿವಾಗಿತ್ತು. ತಾಟು ಬರುವವರೆಗೂ ತಡೆಯಲಾರದೆ ಅವ್ವನ ಒಲೆಯ ಮುಂದೆ ಕೂತು ಕೈ ಒಡ್ಡಿದೆ. ಅವಳು ಕೆಂಡದ ಎದುರು ಉಬ್ಬಿದ್ದ ಕೊನೆಯ ರೊಟ್ಟಿಯನ್ನು ಫೋರ್ಸೆಪ್ಸಿನಲ್ಲಿ ಎತ್ತಿ ನನ್ನ ಕೈಗೆ ಇಟ್ಟಳು. ಹಳೆಯ ರೂಢಿ, ಅವಳ ಎಡ ಅಂಗೈ ತಾನಾಗಿಯೇ ಬಂದು ರೊಟ್ಟಿಯ ಮೇಲೆ ಕೂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಎಂದಿನ ಮಾತು ಬರಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದಳು.

"ಆರ್ಯಾದೇನು? ನೀನs ಹೇಳು" ಎಂದಳು.

ಆರಿದೆ ಎನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು.

"ಇಲ್ಲವ್ವ. ಭಾಳ ಬಿಸಿ ಅದ" ಎಂದೆ.

"ಹಂಗಾರ ತಾ ಇಲ್ಲಿ" ಎಂದು ಆ ಉದ್ದ ಇಕ್ಕಳದಿಂದ ರೊಟ್ಟಿಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು, ಗಾಳಿ ಬರುವ ಕಡೆ ಎತ್ತಿ ಹಿಡಿದು, ಅದು ಆರುವ ತನಕ ಹಾಗೇ ಕೂತಳು.